ಒಳಲೆಯಿಂದ ಹಾಲಿನ ಬಾಟಲಿಯವರೆಗೆ

ಕಾಮೋಠೆಯಲ್ಲಿ ಎಳೆಮಗು ಇರುವ ಯಾವ ಮನೆಗೆ ಹೋದರೂ ಅಡುಗೆಮನೆಯಲ್ಲಿ ಕುದಿಯುವ ನೀರಿನೊಳಗೆ ಪ್ಲಾಸ್ಟಿಕ್ ಬಾಟಲಿಗಳು ಕಾಣುತ್ತವೆ. ಊರಿನಿಂದ ಬಾಣಂತನಕ್ಕೆ ಬಂದ ಹಿರಿಯರು ಕೇಳುವ ಪ್ರಶ್ನೆಯೂ ಒಂದೇ. ನಮ್ಮತ್ತೆಯವರೂ ಕೇಳಿದ್ದರು: "ಅಷ್ಟು ಬಿಸಿಗೆ ಪ್ಲಾಸ್ಟಿಕ್ಕು ಹಾಲಿಗೆ ಇಳಿಯೋದಿಲ್ವೇನಮ್ಮಾ?" ಎಂ.ಟೆಕ್ ಓದಿದ ಅಭ್ಯಾಸಬಲ, ಹುಡುಕುತ್ತಾ ಹೋದೆ. ಆ ಪ್ರಶ್ನೆಗೆ ದೊಡ್ಡ ಚರಿತ್ರೆಯೇ ಇದೆ.

1891ರಲ್ಲಿ ರಷ್ಯಾದ ಅಲೆಕ್ಸಾಂಡರ್ ಡಯಾನಿನ್ ಬಿಸ್ಫಿನಾಲ್-ಎ, ಅಂದರೆ ಬಿಪಿಎ, ತಯಾರಿಸಿದರು. ಅದು ಈಸ್ಟ್ರೋಜನ್ ಹಾರ್ಮೋನಿನಂತೆ ವರ್ತಿಸುತ್ತದೆ ಎಂದು ಇಂಗ್ಲೆಂಡಿನ ಚಾರ್ಲ್ಸ್ ಡಾಡ್ಸ್ 1936ರಷ್ಟು ಹಿಂದೆಯೇ ತೋರಿಸಿಕೊಟ್ಟರು. ಆದರೂ 1953ರಲ್ಲಿ ಅದೇ ಬಿಪಿಎಯಿಂದ ಪಾಲಿಕಾರ್ಬೊನೇಟ್ ಹುಟ್ಟಿತು. ಗಾಜಿನಂತೆ ಹೊಳಪು, ಬಿದ್ದರೆ ಒಡೆಯದು; ಮಕ್ಕಳಿರುವ ಮನೆಗೆ ಇನ್ನೇನು ಬೇಕು!

2008ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದವರು ಪಾಲಿಕಾರ್ಬೊನೇಟ್ ಬಾಟಲಿಗಳಿಗೆ ಕುದಿನೀರು ಹಾಕಿ ನೋಡಿದರು. ಬಿಪಿಎ ಹೊರಬರುವ ವೇಗ 55 ಪಟ್ಟಿನವರೆಗೂ ಏರಿತ್ತು. ಹಳೆಯದೋ ಹೊಸದೋ ಎನ್ನುವುದಕ್ಕಿಂತ ನೀರಿನ ಬಿಸಿಯೇ ಮುಖ್ಯವಾಗಿತ್ತು. ಮಗುವಿನ ಬಾಟಲಿಗಳಲ್ಲಿ ಇದನ್ನು 2010ರಲ್ಲಿ ಕೆನಡಾ, 2011ರಲ್ಲಿ ಯುರೋಪ್, 2012ರಲ್ಲಿ ಅಮೆರಿಕ ಕೈಬಿಟ್ಟವು. ನಮ್ಮಲ್ಲಿ ಭಾರತೀಯ ಮಾನಕ ಬ್ಯೂರೋ 2015ರಲ್ಲಿ ನಿಯಮ ಬದಲಿಸಿತು. ಡಾಡ್ಸ್ ಹೇಳಿದ 79 ವರ್ಷಗಳ ನಂತರ!

ಈಗಿನ "ಬಿಪಿಎ ಫ್ರೀ" ಬಾಟಲಿಗಳು ಹೆಚ್ಚಾಗಿ ಪಾಲಿಪ್ರೊಪಿಲೀನ್. ಅಲ್ಲಿಗೆ ಕಥೆ ಮುಗಿಯಲಿಲ್ಲ. 2020ರಲ್ಲಿ ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನವರು ಇವುಗಳಿಂದ ಉದುರುವ ಸೂಕ್ಷ್ಮ ಪ್ಲಾಸ್ಟಿಕ್ ಕಣಗಳನ್ನು ಎಣಿಸಿದರು. 25 ಡಿಗ್ರಿಯ ನೀರಿನಲ್ಲಿ ಲೀಟರಿಗೆ ಸುಮಾರು 6 ಲಕ್ಷ. 95 ಡಿಗ್ರಿಯಲ್ಲಿ ಐದೂವರೆ ಕೋಟಿಯವರೆಗೆ. ಇವು ಮಗುವಿಗೆ ಏನು ಮಾಡುತ್ತವೆ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಹೆದರಿ ಬಾಟಲಿ ಕುದಿಸುವುದನ್ನೇ ನಿಲ್ಲಿಸಬೇಡಿ, ರೋಗಾಣುಗಳ ಅಪಾಯವಂತೂ ಖಚಿತ. ಕುದಿಸಿದ ಬಾಟಲಿ ಆರಿದ ಮೇಲೆ, ಬೇರೆ ಪಾತ್ರೆಯಲ್ಲಿ ಕುದಿಸಿ ಆರಿಸಿದ ನೀರಿನಿಂದ ಮೂರು ಸಲ ಜಾಲಿಸಿ ಎನ್ನುತ್ತಾರೆ ಆ ಸಂಶೋಧಕರು.

ನಮ್ಮ ಅಜ್ಜಿಯರ ಕೈಯಲ್ಲಿದ್ದದ್ದು ಒಳಲೆ. ಬೆಳ್ಳಿಯದೋ ಹಿತ್ತಾಳೆಯದೋ, ಕೊಕ್ಕಿನಂಥ ಮೂತಿ. ಇಲ್ಲಿಯ ಮರಾಠಿ ಅಜ್ಜಿಯರು ಬೋಂಡ್ಲಂ ಎನ್ನುತ್ತಾರೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳಿಗೆ ಆಸ್ಪತ್ರೆಗಳಲ್ಲಿ ಈಗಲೂ ಇಂಥದ್ದರಿಂದಲೇ ತಾಯಿಹಾಲು ಕುಡಿಸುತ್ತಾರೆ. ಬೆಳಗಿನ ಲೋಕಲ್ ಹಿಡಿಯುವ ನಮಗೆ ದಿನವೆಲ್ಲ ಒಳಲೆ ಸಾಧ್ಯವಿಲ್ಲ, ಒಪ್ಪುತ್ತೇನೆ. ಆದರೆ ಸ್ಟೀಲ್ ಲೋಟ ಎಲ್ಲರ ಮನೆಯಲ್ಲೂ ಇದೆಯಲ್ಲ? ಪುಡಿಹಾಲು ಕೊಡುವವರು ಕುದಿಸಿದ ನೀರು 70 ಡಿಗ್ರಿಗಿಂತ ತಣ್ಣಗಾಗುವ ಮೊದಲೇ ಅದರಲ್ಲಿ ಕಲಸಿ, ಆರಿದ ಮೇಲಷ್ಟೇ ಬಾಟಲಿಗೆ ಸುರಿಯಬಹುದು. ಅಷ್ಟರಲ್ಲಿ ಮಗು ಮನೆಯನ್ನು ತಲೆಯ ಮೇಲೆ ಹೊತ್ತಿರುತ್ತದೆ, ನಿಜ. ಲೋಟವನ್ನು ತಣ್ಣೀರಿನ ಪಾತ್ರೆಯಲ್ಲಿಟ್ಟರೆ ಬೇಗ ಆರುತ್ತದೆ.