ಮೈಯೊಳಗಿನ ದಾಖಲೆ

ದಾಖಲೆ ಎಂದರೆ ಕಾಗದ ಎಂದೇ ಇತಿಹಾಸದ ಸಂಶೋಧಕನಾದ ನಾನು ನಂಬಿದ್ದೆ. ಆ ನಂಬಿಕೆ ಅಲುಗಿದ್ದು ಡೆನ್ಮಾರ್ಕಿನ ತರುಣ ವೈದ್ಯ ಪೀಟರ್ ಪಾನುಮ್‌ನಿಂದ.

1846ರಲ್ಲಿ ಉತ್ತರ ಅಟ್ಲಾಂಟಿಕ್‌ನ ಫರೋ ದ್ವೀಪಗಳಿಗೆ ದಡಾರ ಬಂತು. ಸುಮಾರು 7,800 ಜನರಲ್ಲಿ 6,000 ಮಂದಿ ಹಾಸಿಗೆ ಹಿಡಿದರು, ಹಲವರು ಸತ್ತರು. ಹಿಂದಿನ ಸಲ ಅದು ಬಂದದ್ದು 1781ರಲ್ಲಿ. ಆಗ ದಡಾರ ಬಂದು ಬದುಕಿದ್ದ ಮುದುಕರಲ್ಲಿ ಒಬ್ಬರಿಗೂ ಮರಳಿ ಬರಲಿಲ್ಲ ಎಂದು ಪಾನುಮ್ ಬರೆದ. ಆಗ ತಪ್ಪಿಸಿಕೊಂಡಿದ್ದ ಮುದುಕರನ್ನು ಈಗ ಬಿಡಲಿಲ್ಲ. ಕಾಪಾಡಿದ್ದು ವಯಸ್ಸಲ್ಲ, ನೆನಪು.

ಒಮ್ಮೆ ಕಂಡ ರೋಗಾಣುವಿನ ಗುರುತನ್ನು ಕೆಲವು ಬಿಳಿ ರಕ್ತಕಣಗಳು ಉಳಿಸಿಕೊಳ್ಳುತ್ತವೆ ಎಂಬುದು ಬಹಳ ಕಾಲದ ಮೇಲೆ ತಿಳಿಯಿತು.

‘ಒಮ್ಮೆ ಬಂದು ಹೋದರೆ ಒಳ್ಳೆಯದು’ ಎನ್ನುವವರು ಈಗಲೂ ಇದ್ದಾರೆ. ಬಂದದ್ದು ಎಲ್ಲರನ್ನೂ ಉಳಿಸಿ ಹೋಗುವುದಿಲ್ಲ. ಲಸಿಕೆ ಅದೇ ನೆನಪನ್ನು ಕಾಯಿಲೆಯಿಲ್ಲದೆ ಕೊಡುತ್ತದೆ.