ದಯವಿಟ್ಟು ಆಫ್ ಮಾಡಬೇಡಿ!

ಕಳೆದ ತಿಂಗಳು ಅಟ್ಟದ ಮೇಲಿದ್ದ ಹಳೇ ಲ್ಯಾಪ್‌ಟಾಪನ್ನು ಕೆಳಗಿಳಿಸಿ, ಧೂಳು ಕೊಡವಿ, ಡೆಬಿಯನ್ ಲಿನಕ್ಸ್ ಹಾಕಿದೆ. ಅದನ್ನೊಂದು ವೆಬ್ ಸರ್ವರ್ ಮಾಡಬೇಕೆಂಬ ಹುಚ್ಚು. ಕಾರಣ ಇಷ್ಟೇ: ಅಜ್ಜನ ದಿನಚರಿಯನ್ನು ಕಷ್ಟಪಟ್ಟು ಟೈಪಿಸಿ ಉಚಿತ ತಾಣವೊಂದಕ್ಕೆ ಏರಿಸಿದ್ದೆ. ಆ ತಾಣ ಬಾಗಿಲು ಮುಚ್ಚಿತು, ಪುಟಗಳೂ ಹೋದವು. ಪ್ರತಿ ಇಟ್ಟುಕೊಳ್ಳದ್ದು ನನ್ನದೇ ತಪ್ಪು, ಬಿಡಿ. ಪುಣ್ಯಕ್ಕೆ ಅಜ್ಜನ ನೋಟ್‌ಬುಕ್ ಇದೆ. ಮತ್ತೆ ಟೈಪಿಸುವುದಾದರೆ ಈ ಸಲ ನಮ್ಮನೆಯಲ್ಲೇ ಇರಲಿ ಅನ್ನಿಸಿತು.

ಮೊದಲ ದಿನವೇ ಅಮ್ಮ ಮಿಕ್ಸಿಗೆ ಬೇಕೆಂದು ಪ್ಲಗ್ ಕಿತ್ತರು. ಬ್ಯಾಟರಿ ಸತ್ತು ಎಷ್ಟೋ ವರ್ಷವಾಗಿದೆ, ಸರ್ವರ್ ಢಮಾರ್! ಕೆಂಪು ಶಾಯಿಯಲ್ಲಿ "ದಯವಿಟ್ಟು ಆಫ್ ಮಾಡಬೇಡಿ" ಎಂದು ಚೀಟಿ ಬರೆದು ಅಂಟಿಸಿದೆ. ಆಮೇಲೆ ನಗು ಬಂತು. ಜಗತ್ತಿನ ಮೊಟ್ಟಮೊದಲ ವೆಬ್ ಸರ್ವರಿನ ಮೇಲೂ ಇಂಥದೇ ಕೆಂಪಕ್ಷರದ ಚೀಟಿ ಇತ್ತು!

ಅದು 1990ರ ಕೊನೆ. ಜಿನೀವಾ ಬಳಿಯ ಸರ್ನ್ ಪ್ರಯೋಗಾಲಯದಲ್ಲಿ ಟಿಮ್ ಬರ್ನರ್ಸ್-ಲೀ ಅವರ ನೆಕ್ಸ್ಟ್ ಕಂಪ್ಯೂಟರೇ ಆ ಸರ್ವರ್. ಅವರ ಬ್ರೌಸರಿನಲ್ಲಿ ಪುಟ ಓದುವುದಷ್ಟೇ ಅಲ್ಲ, ಬರೆಯಲೂ ಬಹುದಿತ್ತು. 1993ರ ಏಪ್ರಿಲ್ 30ರಂದು ಸರ್ನ್ ಈ ತಂತ್ರಾಂಶವನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು.

ಲಿನಕ್ಸ್ ಕತೆಯೂ ಹಾಗೇ. 1991ರಲ್ಲಿ ಹೆಲ್ಸಿಂಕಿಯ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ತನ್ನ 386 ಪಿಸಿಯಲ್ಲಿ ಹವ್ಯಾಸಕ್ಕೆಂದು ಶುರು ಮಾಡಿದ್ದು. ಇನ್ನು ಅಪಾಚೆ? ಇಲಿನಾಯ್ ವಿಶ್ವವಿದ್ಯಾಲಯದ ಎನ್‌ಸಿಎಸ್‌ಎಯಲ್ಲಿ ರಾಬ್ ಮೆಕೂಲ್ ಒಂದು ಸರ್ವರ್ ತಂತ್ರಾಂಶ ಬರೆದಿದ್ದರು. 1994ರಲ್ಲಿ ಅವರು ಅಲ್ಲಿಂದ ಹೊರಟ ಮೇಲೆ ಅದನ್ನು ನೋಡಿಕೊಳ್ಳುವವರಿಲ್ಲ. ಬಳಸುತ್ತಿದ್ದವರೇ ತಮ್ಮ ತಮ್ಮ ತೇಪೆಗಳನ್ನು ಈ-ಮೇಲ್‌ನಲ್ಲಿ ಹಂಚಿಕೊಂಡು 1995ರಲ್ಲಿ ಅಪಾಚೆ ಕಟ್ಟಿದರು. ಮರುವರ್ಷವೇ ಅದು ಜಗತ್ತಿನಲ್ಲಿ ಅತಿ ಹೆಚ್ಚು ಬಳಕೆಯ ವೆಬ್ ಸರ್ವರ್ ಆಯಿತು.

ಇಷ್ಟೆಲ್ಲ ಜನರ ದುಡಿಮೆ ಇವತ್ತು ಒಂದು ಸಾಲಿನ ಆದೇಶಕ್ಕೆ ನಮ್ಮನೆಗೆ ಬಂದು ಕೂರುತ್ತದೆ. ಐದು ನಿಮಿಷದಲ್ಲಿ ನನ್ನ ಮೊಬೈಲಿನಲ್ಲಿ ಅಜ್ಜನ ಪುಟ ಬಂತು. ಖುಷಿಯಿಂದ ಶಿವಮೊಗ್ಗದಲ್ಲಿರುವ ತಮ್ಮನಿಗೆ ಫೋನ್ ಮಾಡಿದೆ. ಅವನಿಗೆ ಬರಲಿಲ್ಲ! ರೂಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಿದೆ. ಊಹುಂ.

ತೊಂದರೆ ಲಿನಕ್ಸಿನದಲ್ಲ, ವಿಳಾಸದ್ದು. ಹಳೆಯ ಐಪಿ ವಿಳಾಸ 32 ಬಿಟ್‌ನದು, ಒಟ್ಟು ಸುಮಾರು 429 ಕೋಟಿ ಮಾತ್ರ. ಸಾಲದು ಎಂದು ಆಗಲೇ ಗೊತ್ತಿತ್ತು. 1994ರಲ್ಲಿ ತಾತ್ಕಾಲಿಕ ಉಪಾಯವಾಗಿ ನ್ಯಾಟ್ ಬಂತು: ಮನೆಮಂದಿಗೆಲ್ಲ ಹೊರಗೆ ಒಂದೇ ವಿಳಾಸ. 2011ರ ಫೆಬ್ರವರಿಯಲ್ಲಿ ಜಾಗತಿಕ ದಾಸ್ತಾನು ಬರಿದಾಯಿತು. ಈಗ ಎಷ್ಟೋ ಕಂಪನಿಗಳು ಅನೇಕ ಮನೆಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತವೆ. ಅದಕ್ಕೆಂದೇ 2012ರಲ್ಲಿ 100.64ರಿಂದ 100.127ರವರೆಗಿನ ಸಂಖ್ಯೆಗಳನ್ನು ಮೀಸಲಿಟ್ಟರು. ನನ್ನ ರೂಟರ್ ನೋಡಿದರೆ ಅಲ್ಲೂ 100.72! ಅಂದರೆ ನಾವು ಹೊರಗೆ ಹೋಗಬಹುದು, ನಮ್ಮನೆಗೆ ಯಾರೂ ಬರುವಂತಿಲ್ಲ. ಓದುಗರಾಗಿ ಉಳಿದೆವೇ ಹೊರತು ಪ್ರಕಾಶಕರಾಗಲಿಲ್ಲ. ನಾವೆಲ್ಲ ಪರರ ಜಗಲಿಯಲ್ಲಿ ಪುಸ್ತಕ ಜೋಡಿಸಿಡಲು ಇದೂ ಒಂದು ಕಾರಣ.

ಪರಿಹಾರವೂ ಹಳೆಯದೇ. 128 ಬಿಟ್‌ನ ಐಪಿವಿ6 ನಿಯಮಗಳು 1995ರಲ್ಲೇ ಬಂದಿದ್ದವು. ಹುಡುಕಿದರೆ ನನ್ನ ಸಂಪರ್ಕದಲ್ಲಿ ಅದೂ ಇತ್ತು! ರೂಟರಿನ ಫೈರ್‌ವಾಲ್‌ನಲ್ಲಿ 80ನೇ ಪೋರ್ಟ್ ಮಾತ್ರ ತೆರೆದು, ಉದ್ದನೆಯ ವಿಳಾಸವನ್ನು ತಮ್ಮನಿಗೆ ಕಳಿಸಿದೆ. ಅವನ ಮೊಬೈಲಿನಲ್ಲಿ ಪುಟ ತೆರೆಯಿತು. "ಅಜ್ಜ ಅಡಿಕೆ ಲೆಕ್ಕ ಎಷ್ಟು ಚೆನ್ನಾಗಿ ಬರ್ದಿದಾನೆ ಮಾರಾಯ" ಅಂದ.

ನೀವೂ ಪ್ರಯತ್ನಿಸುವುದಾದರೆ ಎರಡು ಮಾತು. ಬೇಡದ ಪೋರ್ಟ್ ತೆರೆಯಬೇಡಿ, ಅಪ್‌ಡೇಟ್ ಮರೆಯಬೇಡಿ. ಮತ್ತೆ ಪ್ರತಿಯೊಂದು ಬೇರೆ ಕಡೆ ಇರಲಿ, ಮನೆಯ ಡಿಸ್ಕೂ ಸಾಯುತ್ತದೆ.

ಚೀಟಿ ಹಾಗೇ ಇದೆ. ಅಮ್ಮ ಮಿಕ್ಸಿಗೆ ಬೇರೆ ಪ್ಲಗ್ ಹುಡುಕಿಕೊಂಡಿದ್ದಾರೆ :-)