ಉದ್ರಿ ಬಟ್ಟೆ

ನಮ್ಮ ಶಿರವಾಳಕ್ಕೆ ಬಂದವರು ಹಳೆಯ ಕಲ್ಲುಗುಡಿಗಳನ್ನು ನೋಡಿ ಹೋಗುತ್ತಾರೆ. ಇತಿಹಾಸವೆಂದರೆ ಅಷ್ಟೇ ಎಂದು ನಾನೂ ಬಹಳ ವರ್ಷ ಮಕ್ಕಳಿಗೆ ಕಲಿಸಿದೆ. ಆದರೆ ನಮ್ಮ ಮನೆಯ ಇತಿಹಾಸವೇನಾದರೂ ಬರಹದಲ್ಲಿ ಉಳಿದಿದ್ದರೆ ಅದು ಶಹಾಪುರದ ಬಟ್ಟೆ ಅಂಗಡಿಯೊಂದರ ಉದ್ರಿ ಪುಸ್ತಕದಲ್ಲಿ.

ಪಂಚಮಿ ಬರುವುದು ಶ್ರಾವಣದಲ್ಲಿ. ಹತ್ತಿ, ಜೋಳ ಕೈಗೆ ಬರುವುದು ಚಳಿಗಾಲದಲ್ಲಿ. ಹಬ್ಬಕ್ಕೂ ರಾಶಿಗೂ ನಡುವಿನ ಆ ಆರೇಳು ತಿಂಗಳಲ್ಲೇ ಉದ್ರಿ ಹುಟ್ಟಿದ್ದು. "ಯವ್ವಾ, ರೊಕ್ಕದ ಚಿಂತಿ ಬಿಡ್ರಿ. ರಾಶಿ ಆದಮ್ಯಾಲ ಕೊಡೂವಂತ್ರಿ" ಎಂದು ಸಾಹುಕಾರರು ಥಾನು ಬಿಚ್ಚುತ್ತಿದ್ದರು. ಅಪ್ಪ ಹೆಬ್ಬಟ್ಟು ಒತ್ತುತ್ತಿದ್ದ. ನಾವು ಹೊಸ ಪರಕಾರದ ಸಂತೋಷದಲ್ಲಿ ಮನೆಗೆ ಬರುತ್ತಿದ್ದೆವು.

1982ರ ಸುಮಾರಿಗೆ, ನಾನು ಏಳನೇ ತರಗತಿಯಲ್ಲಿದ್ದಾಗ, ಬಾಕಿ ತೀರಿಸಲು ಅವ್ವನ ಜೊತೆ ಹೋಗಿದ್ದೆ. ಓದಿ ಹೇಳಿದ ಲೆಕ್ಕದಲ್ಲಿ ಒಂದು ಪತ್ತಲ ಹೆಚ್ಚಿಗೆ ಬಂತು. "ಅದನ್ನ ನಾವು ಒಯ್ದಿಲ್ರಿ" ಎಂದಳು ಅವ್ವ. ಸಾಹುಕಾರರು ಸಿಟ್ಟಾಗಲಿಲ್ಲ, ಪುಸ್ತಕವನ್ನೇ ಮುಂದೆ ತಳ್ಳಿದರು. ಅವ್ವ ಹೆಮ್ಮೆಯಿಂದ ನನ್ನ ಕಡೆ ನೋಡಿ, "ಸಾಲಿ ಕಲ್ತಿ, ನೋಡಿ ಹೇಳು" ಎಂದಳು. ನೋಡಿದೆ. ಅಕ್ಷರ ಕನ್ನಡದ್ದಾಗಿರಲಿಲ್ಲ. ಒಂದೂ ತಿಳಿಯಲಿಲ್ಲ. ಅವ್ವ ಸೆರಗಿನ ಗಂಟು ಬಿಚ್ಚಿ ಪೂರ್ತಿ ಹಣ ಎಣಿಸಿದಳು. ಅವರು ತಪ್ಪು ಬರೆದಿದ್ದರೋ, ನಾವೇ ಮರೆತಿದ್ದೆವೋ, ಇಂದಿಗೂ ಗೊತ್ತಿಲ್ಲ. ಗೊತ್ತಿಲ್ಲದ ತಪ್ಪಿಗೇ ನಾವು ದಂಡ ತೆತ್ತೆವು.

ಅಂದು ಸಂಜೆ ಅವ್ವ ನನ್ನ ಹಳೆಯ ನೋಟುಬುಕ್ಕಿನ ಖಾಲಿ ಹಾಳೆಗಳನ್ನು ಹೊಲಿದು ಕೊಟ್ಟಳು. ಮುಂದಿನ ಪಂಚಮಿಯಿಂದ ಅಂಗಡಿಯ ಕಟ್ಟೆಯ ಮೇಲೆ ಕುಳಿತೇ ನಾನು ಬರೆದುಕೊಳ್ಳತೊಡಗಿದೆ: ಯಾವ ಬಟ್ಟೆ, ಎಷ್ಟು ವಾರ, ಎಷ್ಟು ರೂಪಾಯಿ. ಅವ್ವ ಇನ್ನೊಂದು ಉಪಾಯ ಕಂಡುಕೊಂಡಳು. ಮೊದಲು ರೋಖು ದರ ಕೇಳುವುದು, ಆಮೇಲೆ ಉದ್ರಿ ದರ. ಅದೇ ಬಟ್ಟೆಗೆ ವಾರಕ್ಕೆ ಎಂಟಾಣೆ ಫರಕು ಇತ್ತು. ಬಡ್ಡಿ ಇಲ್ಲವೆಂದು ನಾವು ತಿಳಿದಿದ್ದ ಉದ್ರಿಯ ಬಡ್ಡಿ ದರದಲ್ಲೇ ಅಡಗಿತ್ತು.

ಮುಂದೆ ಪದವಿ ಓದುವಾಗ ವಿಜ್ಞಾನೇಶ್ವರನ 'ಮಿತಾಕ್ಷರ'ದ ಬಗ್ಗೆ ತಿಳಿಯಿತು. ಅವನು ನಮ್ಮ ನೆರೆಯ ಮರ್ತೂರಿನವನೆಂದು ಪ್ರಸಿದ್ಧ. 1076ರಿಂದ 1126ರವರೆಗೆ ಆಳಿದ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ಯಾಜ್ಞವಲ್ಕ್ಯ ಸ್ಮೃತಿಗೆ ವ್ಯಾಖ್ಯಾನ ಬರೆದವನು. ಪರೀಕ್ಷೆಗೆ ನಾವು ಓದಿದ್ದು ಆಸ್ತಿಯ ಪಾಲಿನ ಮಾತು ಮಾತ್ರ. ಆ ಸ್ಮೃತಿಯಲ್ಲಿ ಸಾಲದ ಪ್ರಕರಣವೂ ಇದೆ. ಒತ್ತೆ ಇಟ್ಟ ಸಾಲಕ್ಕೆ ತಿಂಗಳಿಗೆ ಅಸಲಿನ ಎಂಬತ್ತರಲ್ಲೊಂದು ಭಾಗ, ಅಂದರೆ ವರ್ಷಕ್ಕೆ ನೂರಕ್ಕೆ 15 ಬಡ್ಡಿ. ಸಾಲ ಬೆಳೆಯುವುದಕ್ಕೂ ಮಿತಿ ಇದೆ: ಹೊನ್ನು ಎರಡು ಪಟ್ಟು, ಧಾನ್ಯ ಮೂರು ಪಟ್ಟು, ಬಟ್ಟೆ ನಾಲ್ಕು ಪಟ್ಟು. ಇನ್ನೂ ಒಂದು ನಿಯಮವುಂಟು. ಸಾಲಗಾರ ಕೊಟ್ಟಾಗಲೆಲ್ಲ ಕೊಟ್ಟದ್ದನ್ನು ಪತ್ರದ ಬೆನ್ನ ಮೇಲೆ ಬರೆಯಬೇಕು, ಇಲ್ಲವೇ ಕೊಟ್ಟವನಿಗೆ ಸಾಹುಕಾರ ತನ್ನ ಕೈಬರಹದ ರಸೀದಿ ಕೊಡಬೇಕು. ಇದನ್ನು ಓದಿದಾಗ ಅವ್ವ ಹೊಲಿದ ನೋಟುಬುಕ್ಕು ನೆನಪಾಯಿತು. ಶಾಸ್ತ್ರವಿತ್ತು, ಓದಬಲ್ಲವರು ಸಾಲ ಕೊಡುವವರ ಕಡೆ ಮಾತ್ರ ಇದ್ದರು.

ನಮ್ಮ ಮನೆಯ ಕತೆ ದೇಶದ ಕತೆಯೂ ಆಗಿತ್ತು. 1951-52ರ ಅಖಿಲ ಭಾರತ ಗ್ರಾಮೀಣ ಸಾಲ ಸಮೀಕ್ಷೆಯ ಪ್ರಕಾರ ರೈತರ ಸಾಲದಲ್ಲಿ ನೂರಕ್ಕೆ ಸುಮಾರು 70ರಷ್ಟು ಲೇವಾದೇವಿಗಾರರದು. ಸರಕಾರ ಮತ್ತು ಸಹಕಾರ ಸಂಘಗಳೆರಡೂ ಸೇರಿ ಕೊಟ್ಟದ್ದು ಸುಮಾರು 6. ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ಸಹಕಾರ ಸಂಘ ಹುಟ್ಟಿದ್ದರೂ ನಮ್ಮಂಥವರ ಪಂಚಮಿ ಬಟ್ಟೆಯವರೆಗೆ ಅದು ಬರಲಿಲ್ಲ. 1976ರಲ್ಲಿ ಕರ್ನಾಟಕ ಋಣ ಪರಿಹಾರ ಕಾಯಿದೆ ಬಂತು. ಬಡವರ ಹಳೆಯ ಸಾಲ ಹರಿಯಿತು. ಹಬ್ಬಕ್ಕೂ ರಾಶಿಗೂ ನಡುವಿನ ಅಂತರ ಹರಿಯಲಿಲ್ಲ.

ಈಗ ಉದ್ರಿ ಪುಸ್ತಕದ ಜಾಗಕ್ಕೆ ಕಾರ್ಡು ಬಂದಿದೆ. ಭಾರತದ ಬ್ಯಾಂಕುಗಳು ಕ್ರೆಡಿಟ್ ಕಾರ್ಡು ಕೊಡತೊಡಗಿದ್ದು 1980ರ ಸುಮಾರಿಗೆ. ದೊಡ್ಡ ಬಟ್ಟೆ ಅಂಗಡಿಗಳು ಬ್ಯಾಂಕಿನೊಡನೆ ಸೇರಿ ತಮ್ಮದೇ ಹೆಸರಿನ ಕಾರ್ಡು ಕೊಡುವುದು ಆಮೇಲಿನದು. ಕೆಲವು ವರ್ಷಗಳ ಹಿಂದೆ ಮಗಳ ನಿಶ್ಚಯಕ್ಕೆ ಬಟ್ಟೆ ತರಲು ಹೋದಾಗ ನಾನೂ ಅಂಥದೊಂದನ್ನು ಪಡೆದೆ. 8,000 ರೂಪಾಯಿ ಬಟ್ಟೆಗೆ 800 ರಿಯಾಯಿತಿ. ತಿಂಗಳ ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಎಂದು 360 ರೂಪಾಯಿ ಕಂಡಿತು. ಅಷ್ಟೇ ಕಟ್ಟಿ ಸುಮ್ಮನಾದೆ. ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ, ಬಡ್ಡಿಯ ಮೇಲೆ 18ರ ತೆರಿಗೆ. ಮೂರನೇ ತಿಂಗಳಿಗೆ ಬಡ್ಡಿ, ತೆರಿಗೆ ಸೇರಿ 800 ದಾಟಿತು. ಅಸಲು ಹೆಚ್ಚುಕಡಿಮೆ ಹಾಗೇ ಕುಳಿತಿತ್ತು. ವರ್ಷಕ್ಕೆ ನೂರಕ್ಕೆ 42! ಕಾಳಿನ ಸಾಲಕ್ಕೆ ನಮ್ಮ ಹಿರಿಯರು ಶಪಿಸುತ್ತಿದ್ದ ಸವಾಯಿ ಕೂಡ 25 ಮಾತ್ರ.

ಈ ಸಲ ಅಕ್ಷರ ನನಗೆ ಬರುತ್ತಿತ್ತು. ಬಿ.ಎ., ಬಿ.ಎಡ್. ಆದವಳು ಬಿಲ್ಲಿನ ಹಿಂಬದಿ ತಿರುವಿ ನೋಡಿರಲಿಲ್ಲ, ಅಷ್ಟೇ. ನನಗಾದ ನಾಚಿಕೆ ಅವ್ವನಿಗಾದದ್ದಕ್ಕಿಂತ ದೊಡ್ಡದು.

ಕಾರ್ಡನ್ನು ನಾನು ಎಸೆಯಲಿಲ್ಲ. ಬಿಲ್ಲನ್ನು ಗಡುವಿನೊಳಗೆ ಪೂರ್ತಿ ಕಟ್ಟಿದರೆ ಖರೀದಿಗೆ ಬಡ್ಡಿ ಇಲ್ಲ, ರಿಯಾಯಿತಿ ನಿಜವಾಗಿ ನಮ್ಮದು. ಆದರೆ ವರ್ಷದ ಶುಲ್ಕ ರಿಯಾಯಿತಿಗಿಂತ ಹೆಚ್ಚಿದ್ದರೆ ಕಾರ್ಡು ದಂಡ. ಬೇಡವಾದರೆ ಬಾಕಿ ತೀರಿಸಿ ಮುಚ್ಚಲು ಹೇಳಬಹುದು. ಏಳು ಕೆಲಸದ ದಿನಗಳೊಳಗೆ ಮುಚ್ಚದಿದ್ದರೆ ದಿನಕ್ಕೆ 500 ರೂಪಾಯಿ ಗ್ರಾಹಕರಿಗೆ ಕೊಡಬೇಕೆಂದು ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ಮಾಡಿದೆ. ನನ್ನ ಮಟ್ಟಿಗೆ ನಿಯಮ ಒಂದೇ: ಕಾರ್ಡು ಇಲ್ಲದಿದ್ದರೂ ಈ ಸೀರೆ ಈ ತಿಂಗಳ ಪಗಾರದಲ್ಲಿ ತರುತ್ತಿದ್ದೆನೇ? ತರುತ್ತಿದ್ದರೆ ಮಾತ್ರ ಕಾರ್ಡು ತೆಗೆಯುವುದು.

ಅವ್ವ ಈಗಿಲ್ಲ. ಅವಳು ಹೊಲಿದ ನೋಟುಬುಕ್ಕಿನಲ್ಲಿ ಕೊನೆಗೆ ನಾಲ್ಕು ಹಾಳೆ ಉಳಿದಿದ್ದವು. ಬಟ್ಟೆ ಕೊಂಡ ದಿನವೇ ಅದರಲ್ಲಿ ಬರೆಯುತ್ತೇನೆ: ಯಾವ ಬಟ್ಟೆ, ಎಷ್ಟು ರೂಪಾಯಿ, ಯಾವ ತಾರೀಖಿನೊಳಗೆ.